ಸಭೆಯ ಪ್ರಾರ್ಥನಾ ಕೂಟಕ್ಕೆ ಯಾಕೆ ಹೋಗಬೇಕು?

ಮನೆಯಲ್ಲೇ ದಿನಾ ಪ್ರಾರ್ಥನೆ ಮಾಡುತ್ತೇನೆ, ಸಭೆಯ, ಅಂದರೆ ಚರ್ಚಿನ, ಪ್ರಾರ್ಥನಾ ಕೂಟಕ್ಕೂ ಯಾಕೆ ಹೋಗಬೇಕು ಅಂತ ಕೇಳಿದ್ದೀರಿ. ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸಿ ಅಂತ ಬೈಬಲ್ಲಿನ ಮತ್ತಾಯ 6ನೇ ಅಧ್ಯಾಯದಲ್ಲಿ ಯೇಸುಸ್ವಾಮಿಯೇ ಹೇಳಿದ್ದಾರೆ, ಅದನ್ನು ಬಿಡಬೇಡಿ. ಆದರೆ ಅದೇ ಅಧ್ಯಾಯದಲ್ಲಿ ಅವರು ಕಲಿಸಿದ ಪ್ರಾರ್ಥನೆ ನೋಡಿ. ‘ನನ್ನ ತಂದೆ’ ಅಂತಿಲ್ಲ, ‘ನಮ್ಮ ತಂದೆ’ ಅಂತಿದೆ. ಒಬ್ಬರೇ ಕೂತು ಹೇಳಿದರೂ ಅದು ಎಲ್ಲರ ಪ್ರಾರ್ಥನೆ, ಅಲ್ವಾ?

ಬೈಬಲ್ಲಿನಲ್ಲೇ ಅಪೊಸ್ತಲರ ಕೃತ್ಯಗಳು 12ನೇ ಅಧ್ಯಾಯ ಒಮ್ಮೆ ಓದಿ. ಯೇಸುವಿನ ಶಿಷ್ಯ ಪೇತ್ರ ಸೆರೆಯಲ್ಲಿದ್ದಾಗ ಸಭೆಯವರು ಮಾರ್ಕನ ತಾಯಿ ಮರಿಯಳ ಮನೆಯಲ್ಲಿ ಸೇರಿ ಅವನಿಗಾಗಿ ಪ್ರಾರ್ಥಿಸುತ್ತಿದ್ದರು, ಅಷ್ಟರಲ್ಲಿ ಅವನೇ ಬಿಡುಗಡೆಯಾಗಿ ಬಂದು ಬಾಗಿಲು ತಟ್ಟಿದ, ಆದರೆ ರೋದೆ ಎಂಬ ಹುಡುಗಿ ಓಡಿಬಂದು ಹೇಳಿದರೆ ‘ನಿನಗೆ ಹುಚ್ಚು’ ಅಂದುಬಿಟ್ಟರು! ಅಂಥವರ ಪ್ರಾರ್ಥನೆಯನ್ನೂ ದೇವರು ಕೇಳಿದರು. ನನಗೆ ಇದು ತುಂಬಾ ಧೈರ್ಯ ಕೊಡುತ್ತದೆ.

ಅಮ್ಮ ಹಾಸಿಗೆ ಹಿಡಿದಿದ್ದಾಗ ನನ್ನ ಬಾಯಿಂದ ಒಂದು ಮಾತೂ ಹೊರಡುತ್ತಿರಲಿಲ್ಲ. ಕೂಟದಲ್ಲಿ ಪಕ್ಕ ಕೂತವರು ನನ್ನ ಪರವಾಗಿ ಪ್ರಾರ್ಥಿಸಿದರು, ನಾನು ಅತ್ತೆ, ಅಷ್ಟೇ. ಮನೆಯಲ್ಲಿ ಒಬ್ಬಳೇ ಇದ್ದಿದ್ದರೆ ಆ ತಿಂಗಳುಗಳಲ್ಲಿ ಪ್ರಾರ್ಥನೆಯೇ ನಿಂತುಹೋಗುತ್ತಿತ್ತು.

ಹೋಗಿ ನೋಡಿ. ಎಲ್ಲರೆದುರು ಪ್ರಾರ್ಥಿಸೋಕೆ ಸಂಕೋಚವಾದರೆ ಸುಮ್ನೆ ಕೂತು ಆಮೆನ್ ಅನ್ನಿ.