ಸಂಪಾದಕರ ಉತ್ತರ: ಕರಪತ್ರದಲ್ಲಿ ಕರುಣೆ ಎಲ್ಲಿರಬೇಕು?

ದಾವಣಗೆರೆಯಲ್ಲಿ ಎರಡು ವರ್ಷದಿಂದ ಆಪ್ತಸಮಾಲೋಚನಾ (ಕೌನ್ಸೆಲಿಂಗ್) ಕೇಂದ್ರ ನಡೆಸುತ್ತಿರುವ ಓದುಗರೊಬ್ಬರು ಬರೆದಿದ್ದಾರೆ: "ಕೇಂದ್ರಕ್ಕೆ ಜನ ಬರುತ್ತಿಲ್ಲವೆಂದು ಜಾಹೀರಾತು ಬರೆದುಕೊಡುವವರೊಬ್ಬರಿಂದ ಕರಪತ್ರ ಬರೆಸಿದೆ. 'ರಾತ್ರಿ ನಿದ್ದೆ ಬರುತ್ತಿಲ್ಲವೇ? ಹೀಗೇ ಬಿಟ್ಟರೆ ನಾಳೆ ನಿಮ್ಮ ಸಂಸಾರದ ಗತಿಯೇನು? ಇನ್ನು ಮೂರೇ ಜನರಿಗೆ ಅವಕಾಶ' ಎಂದು ಬರೆದುಕೊಟ್ಟರು. ಓದಿ ನನಗೇ ಹೆದರಿಕೆಯಾಯಿತು. ಅದಕ್ಕೆ ಮೊದಲು ನಾನೇ ಬರೆದು ಹಂಚಿದ್ದ ಕರಪತ್ರದಿಂದ ಒಬ್ಬರೂ ಬಂದಿರಲಿಲ್ಲ. ಎರಡನ್ನೂ ಕಳಿಸಿದ್ದೇನೆ. ಮಾತಿನಲ್ಲಿ ಕರುಣೆಯೂ ಇರಬೇಕು, ಜನರೂ ಬರಬೇಕು. ಇದು ಸಾಧ್ಯವೇ?"

ನಿಮ್ಮ ಪತ್ರ ಬಂದು ಹದಿನೈದು ದಿನವಾಯಿತು. ಎರಡು ಕರಪತ್ರಗಳೂ ಅಂದಿನಿಂದ ನನ್ನ ಮೇಜಿನ ಮೇಲೆಯೇ ಇವೆ. ಹಣ ಕೊಟ್ಟು ಬರೆಸಿದ್ದನ್ನು ಓದಿ ಹೆದರಿ, ಹಂಚದೆ ಪಕ್ಕಕ್ಕಿಟ್ಟಿರಲ್ಲ, ಆ ಒಂದು ಕಾರಣಕ್ಕೇ ನಿಮ್ಮ ಬಳಿಗೆ ಬರುವವರು ಸುರಕ್ಷಿತವಾಗಿದ್ದಾರೆ ಎಂದು ನನಗನ್ನಿಸಿತು.

ಬರೆದುಕೊಟ್ಟವರ ಪರವಾಗಿಯೂ ಒಂದು ಮಾತು ಹೇಳಬೇಕು. 2015-16ರಲ್ಲಿ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ, ಖಿನ್ನತೆ, ಆತಂಕದಂಥ ಸಾಮಾನ್ಯ ತೊಂದರೆಗಳಿಂದ ನರಳುವ ನೂರು ಜನರಲ್ಲಿ ಸುಮಾರು 85 ಮಂದಿಗೆ ಯಾವ ಚಿಕಿತ್ಸೆಯೂ ದೊರೆತಿಲ್ಲವೆಂದು ಕಂಡುಬಂದಿತ್ತು. ಇಂಥ ದೇಶದಲ್ಲಿ ಬಾಗಿಲು ತೆರೆದಿದೆ ಎಂದು ಕೂಗಿ ಹೇಳುವುದು ತಪ್ಪಲ್ಲ, ಆ ಬಗ್ಗೆ ಸಂಕೋಚವೂ ಬೇಡ. ಅವರ ಪರವಾಗಿ ನಾನು ಹೇಳಬಲ್ಲದ್ದು ಇಷ್ಟೇ.

ಅವರು ಅನುಸರಿಸಿರುವುದು ಜಾಹೀರಾತು ಬರವಣಿಗೆಯ ಹಳೆಯ ಸೂತ್ರ. ಮೊದಲು ತೊಂದರೆಯನ್ನು ಹೆಸರಿಸು, ಆಮೇಲೆ ಅದನ್ನು ಕೆದಕು, ನೋವು ಚೆನ್ನಾಗಿ ಎದ್ದ ಮೇಲೆ ಪರಿಹಾರವನ್ನು ಮುಂದಿಡು. ಉದಾಹರಣೆಗೆ, ಇಂದು ಬಾಯಿ ಮುಕ್ಕಳಿಸಲು ಬಳಸುವ ಲಿಸ್ಟರಿನ್ 1879ರಲ್ಲಿ ಅಮೆರಿಕದಲ್ಲಿ ತಯಾರಾದಾಗ ಮೊದಲಿಗೆ ಶಸ್ತ್ರಚಿಕಿತ್ಸೆಯಲ್ಲಿ ಬಳಸುವ ಕ್ರಿಮಿನಾಶಕವಾಗಿತ್ತು. 1920ರ ದಶಕದಲ್ಲಿ ಅದರ ಮಾಲೀಕರು ಬಾಯಿಯ ವಾಸನೆಗೆ ವೈದ್ಯಕೀಯ ಹೆಸರೊಂದನ್ನು ಹುಡುಕಿ ತೆಗೆದು, ಆ ವಾಸನೆಯಿಂದಲೇ ಮದುವೆಯಾಗದೆ ಉಳಿದ ಹೆಣ್ಣುಮಗಳ ಚಿತ್ರವನ್ನು ಪತ್ರಿಕೆಗಳಲ್ಲಿ ಹಾಕಿಸಿ ಅಪಾರ ಹಣ ಮಾಡಿದರು. ಬಾಯಿ ಮುಕ್ಕಳಿಸುವ ನೀರಿಗೆ ಈ ಸೂತ್ರ ಸಲ್ಲುವುದಾದರೆ ಸಲ್ಲಲಿ. ಆದರೆ ರಾತ್ರಿ ಎರಡು ಗಂಟೆಗೆ ಎದೆ ಡವಗುಟ್ಟಿ ಎದ್ದು ಕೂತಿರುವ ಮನುಷ್ಯನಿಗೆ ತನ್ನ ಸಂಸಾರದ ಗತಿಯೇನೆಂದು ಇನ್ನೊಬ್ಬರು ಕೇಳಬೇಕಾಗಿಲ್ಲ. ಅವನು ಸಂಜೆಯಿಂದ ಅದನ್ನೇ ಕೇಳಿಕೊಳ್ಳುತ್ತಿದ್ದಾನೆ. ಕರಪತ್ರ ಕೆದಕಿದ ಗಾಯವನ್ನು ಮುಂದೆ ನಿಮ್ಮ ಕೊಠಡಿಯಲ್ಲಿ ತಿಂಗಳುಗಟ್ಟಲೆ ಮಾಯಿಸಬೇಕಾದವರು ನೀವೇ ಅಲ್ಲವೇ?

ನಮ್ಮ ಅಕ್ಕನ ವಿಷಯ ಹೇಳುತ್ತೇನೆ. ಭಾವ ತೀರಿಕೊಂಡ ವರ್ಷ ಅವಳು ತಿಪಟೂರಿನ ಮನೆಯಲ್ಲಿ ಒಬ್ಬಳೇ ಇದ್ದಳು. ಒಲೆಯ ಮೇಲೆ ಹಾಲಿಟ್ಟು, ಅದು ಉಕ್ಕಿ ಸೀದು ಹೊತ್ತಿದರೂ ಎದುರಿಗೇ ಕೂತು ನೋಡುತ್ತಿರುವಷ್ಟು ಕುಗ್ಗಿಹೋಗಿದ್ದಳು. ಯಾರೋ ಅವಳ ಕೈಗೆ ಒಂದು ಕೇಂದ್ರದ ಕರಪತ್ರ ಕೊಟ್ಟಿದ್ದರು. ನಾಲ್ಕು ಪುಟ, ನುಣುಪು ಕಾಗದ, ಮೊದಲ ಪುಟದಲ್ಲಿ ಸೂರ್ಯೋದಯದ ಚಿತ್ರ. ನಾನು ಹೋದಾಗ ಅದು ಗೋಡೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದಂತೆ ಇತ್ತು. ಮತ್ತೆ ಮತ್ತೆ ಮಡಿಸಿ ಬಿಚ್ಚಿದ್ದರಿಂದ ಮಡಿಕೆಯ ಗೆರೆಗಳಲ್ಲಿ ಬಣ್ಣ ಹೋಗಿ ಕಾಗದ ಬೆಳ್ಳಗಾಗಿತ್ತು. ಎಷ್ಟು ಸಲ ಓದಿದ್ದಳೋ! ಹೋಗಬಾರದೇಕೆ ಎಂದು ಕೇಳಿದೆ. "ದುಡ್ಡು ಎಷ್ಟಾಗುತ್ತೆ ಅಂತ ಇದರಲ್ಲಿ ಇಲ್ಲ ಕಣೋ. ಅಲ್ಲಿ ಹೇಳಿದ್ದು ಇನ್ನೊಬ್ಬರ ಕಿವಿಗೆ ಬೀಳುತ್ತಾ ಅಂತಾನೂ ಇಲ್ಲ. ಎರಡು ಸಲ ಫೋನ್ ಮಾಡಿದೆ, ಆ ಕಡೆ ಹಲೋ ಅಂದ ಕೂಡಲೇ ಇಟ್ಟುಬಿಟ್ಟೆ" ಎಂದಳು. ನಾಲ್ಕು ಪುಟಗಳ ತುಂಬ ಅವಳ ದುಃಖದ ವರ್ಣನೆಯಿತ್ತು. ಅವಳು ತಿಳಿಯಬೇಕಾಗಿದ್ದ ಎರಡು ಸಂಗತಿಗೆ ಮಾತ್ರ ಎರಡು ಸಾಲು ಜಾಗ ಸಿಕ್ಕಿರಲಿಲ್ಲ. ಹೆದರಿದವರು ಬಾಯಿಬಿಟ್ಟು ಕೇಳಲಾರದ ಪ್ರಶ್ನೆಗೆ ಮೊದಲೇ ಉತ್ತರ ಬರೆದಿಡುವುದೇ ಕರಪತ್ರದ ಕರುಣೆಯೆಂದು ನಾನು ಅಂದಿನಿಂದ ನಂಬಿದ್ದೇನೆ.

ಈಗ ನೀವೇ ಬರೆದ ಕರಪತ್ರಕ್ಕೆ ಬರುತ್ತೇನೆ, ಬೇಸರಿಸಬೇಡಿ. "ಸಮಗ್ರ ಮನೋಸ್ವಾಸ್ಥ್ಯ ಸಂವರ್ಧನೆಗಾಗಿ ವೈಜ್ಞಾನಿಕ ಆಪ್ತಸಮಾಲೋಚನಾ ಸೇವೆ" ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದ್ದೀರಿ. ನಿಮ್ಮ ಊರಿನ ಮಂಡಕ್ಕಿ ಭಟ್ಟಿಯಲ್ಲಿ ಬೆವರು ಸುರಿಸಿ ಮನೆಗೆ ಬಂದವರು ತಮಗೆ ಮನೋಸ್ವಾಸ್ಥ್ಯ ಕುಂದಿದೆ ಎಂದು ಹೇಳಿಕೊಳ್ಳುತ್ತಾರೆಯೇ? ಯಾವುದರಲ್ಲೂ ಮನಸ್ಸಿಲ್ಲ, ಅನ್ನ ಸೇರುತ್ತಿಲ್ಲ, ನಿದ್ದೆ ಹತ್ತುತ್ತಿಲ್ಲ, ಸುಮ್ಮಸುಮ್ಮನೆ ಅಳು ಬರುತ್ತದೆ, ಜೀವಕ್ಕೆ ಬೇಜಾರು ಎನ್ನುತ್ತಾರೆ. ಮನಸ್ಸಿನ ಸಂಕಟ ಹೇಳಿಕೊಳ್ಳಲು ಕನ್ನಡದಲ್ಲಿ ಮಾತಿಗೆ ಬರವಿಲ್ಲ. ಎದುರು ಕೂತವರೊಡನೆ ನೀವು ದಿನವೂ ಇದೇ ಕನ್ನಡದಲ್ಲಿ ಮಾತಾಡುತ್ತಿರುವಾಗ, ಅಚ್ಚಿಗೆ ಹೋಗುವ ಹೊತ್ತಿಗೆ ಅದನ್ನೇಕೆ ಕೈಬಿಟ್ಟಿರಿ?

ಲಂಡನ್ನಿನ ಸೇಂಟ್ ಸ್ಟೀಫನ್ ವಾಲ್‌ಬ್ರೂಕ್ ಚರ್ಚಿನ ಪಾದ್ರಿ ಚಾಡ್ ವಾರಾ ಅವರ ಕತೆ ನಿಮಗೆ ತಿಳಿದಿರಬಹುದು. ಸಾಯುವ ಯೋಚನೆಯಲ್ಲಿರುವವರು ತಮಗೆ ಫೋನ್ ಮಾಡಲಿ ಎಂದು 1953ರಲ್ಲಿ ಅವರು ಒಂದು ಸಂಖ್ಯೆಯನ್ನು ಪ್ರಕಟಿಸಿದರು. ಫೋನ್ ಮಾಡಿ ಅವರನ್ನು ನೇರವಾಗಿ ಕಾಣಲು ಬಂದವರು ತಮ್ಮ ಸರದಿಗೆ ಕಾಯಬೇಕಾಗುತ್ತಿತ್ತು. ಹೊರಕೋಣೆಯಲ್ಲಿ ಅವರಿಗೆ ಚಹಾ ಕೊಟ್ಟು ಜೊತೆಗೆ ಕೂರಲು ಕೆಲವು ಸ್ವಯಂಸೇವಕರಿದ್ದರು. ಎಷ್ಟೋ ಜನ ಆ ಸಾಮಾನ್ಯರೊಡನೆ ಮಾತಾಡಿಯೇ ಹಗುರಾಗಿ, ಪಾದ್ರಿಯನ್ನು ಕಾಣದೆಯೇ ಮನೆಗೆ ಹೋಗುತ್ತಿದ್ದುದನ್ನು ಗಮನಿಸಿದ ವಾರಾ, 1954ರ ಆರಂಭದಲ್ಲೇ ಆ ಕೆಲಸವನ್ನು ಸ್ವಯಂಸೇವಕರಿಗೆ ಒಪ್ಪಿಸಿಬಿಟ್ಟರು. ಸಂಕಟದಲ್ಲಿರುವವರ ಮಾತಿಗೆ ಕಿವಿಗೊಡುವ ಸಮಾರಿಟನ್ಸ್ ಸಂಸ್ಥೆ ಬೆಳೆದದ್ದು ಹೀಗೆ. ಆ ಹೊರಕೋಣೆಯಲ್ಲಿ ಕೂತವರು ಆಡಿದ ಬಗೆಯ ಮಾತು ನಿಮ್ಮ ಕರಪತ್ರಕ್ಕೆ ಬೇಕು.

ಜಾಹೀರಾತಿನ ವಿಷಯದಲ್ಲಿ ವೈದ್ಯರಿಗಾದರೆ 2002ರ ವೃತ್ತಿನಡತೆಯ ನಿಯಮಾವಳಿಯಿದೆ. ಜಾಹೀರಾತು ಕೊಟ್ಟು ರೋಗಿಗಳನ್ನು ಸೆಳೆಯುವಂತಿಲ್ಲ; ವೃತ್ತಿ ಆರಂಭಿಸಿದಾಗ, ವಿಳಾಸ ಬದಲಾದಾಗ, ಇಲ್ಲವೇ ಶುಲ್ಕ ತಿಳಿಸುವುದಕ್ಕೆ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬಹುದು. ಶುಲ್ಕ ತಿಳಿಸುವುದನ್ನು ಆ ನಿಯಮವೇ ಒಪ್ಪಿದೆ ಎಂಬುದನ್ನು ಗಮನಿಸಿ. ಕ್ಲಿನಿಕಲ್ ಸೈಕಾಲಜಿಸ್ಟರು, ಎಂದರೆ ಚಿಕಿತ್ಸೆ ನೀಡುವ ಮನೋವಿಜ್ಞಾನಿಗಳು, ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಆದರೆ ಬದುಕಿಗೆ ದಾರಿ ತೋರಿಸುವ ಲೈಫ್ ಕೋಚ್ ಎಂದು ಬೋರ್ಡು ತೂಗುಹಾಕಲು ಯಾರ ಅಪ್ಪಣೆಯೂ ಬೇಕಾಗಿಲ್ಲ. ಎರಡು ದಿನದ ಶಿಬಿರ ಮುಗಿಸಿದವರು ಮೂರನೆಯ ದಿನ "ನಿಮ್ಮ ಅತ್ಯುತ್ತಮ ಆವೃತ್ತಿಯನ್ನು ಅನಾವರಣಗೊಳಿಸಿ" ಎಂದು ರೀಲ್ಸ್ ಹಾಕುತ್ತಾರೆ. ಪುಸ್ತಕಕ್ಕಿರುವ ಆವೃತ್ತಿಯನ್ನು ಮನುಷ್ಯನಿಗೆ ಅಂಟಿಸುವ ಇಂಥ ಅನುವಾದದ ಕನ್ನಡ, ಬ್ಯಾಂಕಿನ ನಮೂನೆಯಿಂದ ಆಸ್ಪತ್ರೆಯ ಫಲಕದವರೆಗೆ ನಮ್ಮನ್ನು ಸುತ್ತುವರಿದಿದೆ. ನೊಂದವರ ಮುಂದೆಯೂ ಇದೇ ಭಾಷೆಯನ್ನಿಟ್ಟರೆ ಅವರು ಇನ್ನೆಲ್ಲಿಗೆ ಹೋಗಬೇಕು? ಈ ಲೈಫ್ ಕೋಚ್‌ಗಳಲ್ಲಿ ಹಲವರು ತಮ್ಮಲ್ಲಿಗೆ ಬಂದವರ ಕಣ್ಣೀರನ್ನೇ ವಿಡಿಯೊ ಮಾಡಿ ಮೆಚ್ಚುಗೆಯ ಮಾತೆಂದು ಹಂಚುತ್ತಾರೆ. ಚಿಕಿತ್ಸೆ ಪಡೆಯುತ್ತಿರುವವರಿಂದ ಇಂಥ ಪ್ರಶಂಸೆಯನ್ನು ಕೇಳಿ ಪಡೆಯಬಾರದೆಂದು ಅಮೆರಿಕದ ಮನೋವಿಜ್ಞಾನಿಗಳ ಸಂಘದ ನೀತಿಸಂಹಿತೆ ಸ್ಪಷ್ಟವಾಗಿ ಹೇಳುತ್ತದೆ. ತಮ್ಮ ಗುಟ್ಟನ್ನೆಲ್ಲ ಒಪ್ಪಿಸಿ ಕೂತವರು ಬೇಡವೆನ್ನುವ ಸ್ಥಿತಿಯಲ್ಲಿರುವುದಿಲ್ಲ. "ಇನ್ನು ಮೂರೇ ಜನರಿಗೆ ಅವಕಾಶ" ಎಂಬ ಸಾಲನ್ನು ಹೊಡೆದುಹಾಕಿ, ಬಂದವರ ಪ್ರಶಂಸೆಯನ್ನು ಹಂಚುವ ಆಲೋಚನೆ ಎಂದಾದರೂ ಬಂದರೆ ಅದನ್ನೂ ಹೊಡೆದುಹಾಕಿ.

ಜನ ಬರುತ್ತಾರೆಯೇ ಎಂದು ಕೇಳಿದ್ದೀರಿ. ಬರುತ್ತಾರೆ, ಆದರೆ ನಿಧಾನವಾಗಿ. ಕೆಲವರು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಟ್ಟ ಕರಪತ್ರವನ್ನು ಆರು ತಿಂಗಳ ಮೇಲೆ ತೆಗೆಯುತ್ತಾರೆ. ಅಂದಿಗೂ ಅದರಲ್ಲಿರುವುದು ನಿಜವಾಗಿರುವಂತೆ ಬರೆಯಿರಿ. ಒಂದು ಭೇಟಿಗೆ ಎಷ್ಟು ಹಣ, ಎಷ್ಟು ಹೊತ್ತು. ಕೊಡಲಾಗದವರಿಗೆ ಏನು ಮಾಡುತ್ತೀರಿ. ಮೊದಲ ದಿನ ಏನು ಕೇಳುತ್ತೀರಿ, ಏನನ್ನು ಕೇಳುವುದಿಲ್ಲ. ಗುಟ್ಟನ್ನು ಹೇಗೆ ಕಾಯುತ್ತೀರಿ, ಜೀವಕ್ಕೆ ಅಪಾಯವಿದ್ದಾಗ ಮಾತ್ರ ಯಾರಿಗೆ ತಿಳಿಸುತ್ತೀರಿ. ಔಷಧಿ ಬೇಕಾದವರನ್ನು ಮನೋವೈದ್ಯರ ಬಳಿ ಕಳಿಸುತ್ತೀರಿ ಎಂಬುದು. ಅಕ್ಕಪಕ್ಕದವರ ಕಣ್ಣಿಗೆ ಬೀಳದೆ ಬರಲು ಯಾವ ಕಡೆಯ ಮೆಟ್ಟಿಲು ಹತ್ತಬೇಕು ಎಂಬುದು ಸಹ. ಫೋನ್ ಮಾಡಿ ಮಾತಾಡಲಾಗದೆ ಇಟ್ಟುಬಿಟ್ಟರೂ ತಪ್ಪಿಲ್ಲ, ಮತ್ತೆ ಮಾಡಬಹುದು ಎಂಬ ಸಾಲನ್ನು ನಮ್ಮ ಅಕ್ಕನಿಗಾಗಿ ಸೇರಿಸಿ.

ನಿಮ್ಮ ಕೇಂದ್ರ ಸಂಜೆ ಏಳಕ್ಕೆ ಮುಚ್ಚುತ್ತದೆ ಎಂದು ಕರಪತ್ರದಲ್ಲಿದೆ. ಅದರ ಕೆಳಗೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ದೊಡ್ಡದಾಗಿ ಹಾಕಿಸಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ಅದು ಹಗಲೂ ರಾತ್ರಿ ಹಣವಿಲ್ಲದೆ, ಕನ್ನಡದಲ್ಲಿಯೂ ಸಿಗುತ್ತದೆ. ಹೊಸ ಕರಪತ್ರವನ್ನು ಅಚ್ಚಿಗೆ ಕೊಡುವ ಮೊದಲು ನನಗೊಮ್ಮೆ ಕಳಿಸಿ. ತಿಪಟೂರಿಗೆ ಒಯ್ದು ಅಕ್ಕನಿಗೆ ಓದಲು ಕೊಡುತ್ತೇನೆ.