ಕೇರರ್ಸ್ ಅಲೋಯನ್ಸ್ ಸಿಗಲಿಲ್ಲ, ಈಗ ಎಷ್ಟು ದಿನ ಕಾಯಬೇಕು?

ತಂಗಿ, ನಿಮ್ಮ ಪತ್ರ ಓದಿದೆ. ಮುಂದಿನ ತಿಂಗಳು ಮೈಸೂರಿನಿಂದ ಇಂಗ್ಲೆಂಡಿನ ಲೆಸ್ಟರ್‌ಗೆ ಬರುತ್ತಿದ್ದೀರಿ. ಹೋದ ವರ್ಷ ಅತ್ತೆಗೆ ಸ್ಟ್ರೋಕ್ ಆಗಿದೆ. ಅವರನ್ನು ನೋಡಿಕೊಳ್ಳಲು ನಿಮ್ಮ ಯಜಮಾನರು ಪಾರ್ಟ್‌ಟೈಮ್ ಕೆಲಸಕ್ಕೆ ಇಳಿದಿದ್ದಾರೆ. ಅತ್ತೆಯ ಅಟೆಂಡೆನ್ಸ್ ಅಲೋಯನ್ಸ್ (ದಿನನಿತ್ಯ ಇನ್ನೊಬ್ಬರ ಸಹಾಯ ಬೇಕಾದ ವಯಸ್ಸಾದವರಿಗೆ ಸರ್ಕಾರ ಕೊಡುವ ಭತ್ಯೆ) ಅರ್ಜಿ ತಿರಸ್ಕಾರವಾಯಿತು, ಅದರ ಹಿಂದೆಯೇ ಯಜಮಾನರ ಕೇರರ್ಸ್ ಅಲೋಯನ್ಸ್ (ಅಂಥವರನ್ನು ನೋಡಿಕೊಳ್ಳುವವರಿಗೆ ಕೊಡುವ ಭತ್ಯೆ) ಕೂಡ ಹೋಯಿತು. ಮರುಪರಿಶೀಲನೆ ಕೇಳಿ ಮೂರು ತಿಂಗಳಾದರೂ ಉತ್ತರ ಬಂದಿಲ್ಲ. "ಇನ್ನೆಷ್ಟು ದಿನ ಅಕ್ಕ? ನಾನು ಬಂದ ಮೇಲೆ ನನ್ನ ಹೆಸರಲ್ಲಿ ಹಾಕಬಹುದಾ?" ಎಂದು ಕೇಳಿದ್ದೀರಿ.

ಎರಡನೆಯದಕ್ಕೆ ಮೊದಲು ಉತ್ತರ: ಬೇಡ, ಹಾಕಬೇಡಿ. ಸ್ಪೌಸ್ ವೀಸಾದಲ್ಲಿ ಇರುವವರಿಗೆ ಪಬ್ಲಿಕ್ ಫಂಡ್ಸ್, ಅಂದರೆ ಸರ್ಕಾರದ ಭತ್ಯೆಗಳು, ಇಲ್ಲ. ಕೇರರ್ಸ್ ಅಲೋಯನ್ಸ್ ಅದರಲ್ಲೇ ಸೇರುತ್ತದೆ. ಐಎಲ್‌ಆರ್ (ಇಲ್ಲೇ ಕಾಯಂ ಆಗಿ ನೆಲೆಸುವ ಅನುಮತಿ) ಸಿಗುವವರೆಗೆ ನಿಮ್ಮ ಹೆಸರಲ್ಲಿ ಅರ್ಜಿ ಬೇಡ. ಆದರೆ ಯಜಮಾನರೂ ಅತ್ತೆಯೂ ಬ್ರಿಟಿಷ್ ಪ್ರಜೆಗಳು ಎಂದಿದ್ದೀರಿ. ಅವರು ತಮ್ಮ ಹಕ್ಕಿನಿಂದ ಪಡೆಯುವ ಹಣದಿಂದ ನಿಮ್ಮ ವೀಸಾಗೆ ತೊಂದರೆಯಿಲ್ಲ. ವೀಸಾ ಮುಂದುವರಿಸುವಾಗ ಅದು ಅನುಕೂಲವೇ ಆಗಬಹುದು. ಆಗ ಯಜಮಾನರಿಗೆ ಕೇರರ್ಸ್ ಅಲೋಯನ್ಸ್ ಬರುತ್ತಿದ್ದರೆ ಸ್ಪೌಸ್ ವೀಸಾಗೆ ಇರುವ, ವರ್ಷಕ್ಕೆ 29,000 ಪೌಂಡ್ ಆದಾಯದ ಷರತ್ತು ಬದಿಗೆ ಸರಿಯುತ್ತದೆ. ಮನೆ ನಡೆಸುವಷ್ಟು ಹಣ ಇದೆಯೇ ಎಂದು ಮಾತ್ರ ನೋಡುತ್ತಾರೆ. ಅದಕ್ಕೇ ಈ ಮರುಪರಿಶೀಲನೆಯನ್ನು ಕೈಬಿಡಬೇಡಿ.

ಈಗ ಕಾಯುವ ವಿಷಯ. ಇಂಗ್ಲೆಂಡಿನಲ್ಲಿ ತೀರ್ಪು ಒಪ್ಪಿಗೆಯಾಗದಿದ್ದರೆ ಮೊದಲು ಮ್ಯಾಂಡೇಟರಿ ರೀಕನ್ಸಿಡರೇಶನ್, ಅಂದರೆ ನೀವು ಹೇಳಿದ ಮರುಪರಿಶೀಲನೆ, ಕೇಳಬೇಕು. 2013ರಿಂದ ಹೀಗೆ ಬಂದಿದೆ. ನಾವು ಒಂದು ತಿಂಗಳೊಳಗೆ ಕೇಳಬೇಕು, ಆದರೆ ಇಷ್ಟು ದಿನದೊಳಗೆ ಉತ್ತರ ಕೊಡಬೇಕು ಎಂದು ಈ ಭತ್ಯೆಗಳನ್ನು ಕೊಡುವ ಇಲಾಖೆಗೆ (ಡಿಡಬ್ಲ್ಯುಪಿ) ಕಾನೂನಿನ ಗಡುವೇ ಇಲ್ಲ. ನನಗೆ ಇದು ಅನ್ಯಾಯ ಎನಿಸುತ್ತದೆ. ಸ್ಕಾಟ್ಲೆಂಡಿನಲ್ಲಿ ಕೇರರ್ ಸಪೋರ್ಟ್ ಪೇಮೆಂಟ್ ಎಂಬ ಬೇರೆ ವ್ಯವಸ್ಥೆ ಇದೆ. ಅಲ್ಲಿ ಮರುನಿರ್ಧಾರಕ್ಕೆ 56 ದಿನ ಅಂತ ಗೊತ್ತುಮಾಡಿದ್ದಾರೆ. ಗಡಿಯ ಆ ಕಡೆ ಸಾಧ್ಯವಾಗಿದ್ದು ಈ ಕಡೆ ಯಾಕೆ ಆಗಬಾರದು?

ನಿಮ್ಮ ಮನೆಯಲ್ಲಿ ಮೊದಲು ಗೆಲ್ಲಬೇಕಾಗಿರುವುದು ಅತ್ತೆಯ ಅರ್ಜಿ. ಅವರಿಗೆ ಅಟೆಂಡೆನ್ಸ್ ಅಲೋಯನ್ಸ್ ಆಗದೆ ಮಗನಿಗೆ ಕೇರರ್ಸ್ ಅಲೋಯನ್ಸ್ ಆಗುವುದಿಲ್ಲ. ಅತ್ತೆಯ ತೀರ್ಪು ಬದಲಾದರೆ, ಆ ದಿನದಿಂದ ಮೂರು ತಿಂಗಳೊಳಗೆ ಯಜಮಾನರು ಹೊಸದಾಗಿ ಅರ್ಜಿ ಹಾಕಬೇಕು. ಹಾಗೆ ಹಾಕಿದರೆ ಅತ್ತೆಗೆ ಹಣ ಶುರುವಾದ ದಿನದಿಂದಲೇ ಇವರಿಗೂ ಹಿಂಬಾಕಿ ಸಿಗುತ್ತದೆ. ಮೂರು ತಿಂಗಳು ದಾಟಿದರೆ ಹಿಂದಿನ ಎಷ್ಟೋ ತಿಂಗಳ ಹಣ ಕೈತಪ್ಪಬಹುದು. ತೀರ್ಪು ಬಂತಲ್ಲ ಎಂದು ಸುಮ್ನೆ ಕೂತು ಈ ಹಣ ಕಳೆದುಕೊಂಡವರನ್ನು ನಾನು ಕಂಡಿದ್ದೇನೆ.

ಕಾಯುವಾಗ ಸಾಕ್ಷ್ಯ ಸೇರಿಸಿ. ನಮ್ಮವರ ಅರ್ಜಿಗಳು ಹೆಚ್ಚಾಗಿ ಇಲ್ಲೇ ಸೋಲುತ್ತವೆ. ಅತ್ತೆ "ಚೆನ್ನಾಗಿದ್ದೀನಪ್ಪ" ಅನ್ನುತ್ತಾರೆ, ಮಗ "ನಾವು ನೋಡಿಕೊಳ್ಳುತ್ತೇವೆ" ಎಂದು ಬರೆಯುತ್ತಾನೆ. ಹೆತ್ತ ತಾಯಿಗೆ ಸ್ನಾನ ಮಾಡಿಸುವುದನ್ನು ಯಾರು ಲೆಕ್ಕ ಇಡುತ್ತಾರೆ, ಅಲ್ವಾ? ಆದರೆ ಫಾರಂ ಕೇಳುವುದು ಅದನ್ನೇ. ಸೀರೆ ಉಡಿಸುವುದು, ಊಟ ಕಲಸಿ ಕೊಡುವುದು, ಮಾತ್ರೆ ನೆನಪಿಸುವುದು, ಮೆಟ್ಟಿಲ ಮೇಲೆ ಕೈ ಹಿಡಿಯುವುದು, ರಾತ್ರಿ ಟಾಯ್ಲೆಟ್‌ಗೆ ಎಷ್ಟು ಸಲ ಎಬ್ಬಿಸಿ ಕರೆದುಕೊಂಡು ಹೋಗಬೇಕು, ಎಲ್ಲವನ್ನೂ ಬರೆಯಿರಿ. ಹಗಲೂ ರಾತ್ರಿಯೂ ಸಹಾಯ ಬೇಕಾದವರಿಗೆ ಹೆಚ್ಚಿನ ದರ ಸಿಗುತ್ತದೆ. ಎರಡು ವಾರ ಡೈರಿ ಇಟ್ಟು, ಜಿಪಿ (ಇಲ್ಲಿನ ಫ್ಯಾಮಿಲಿ ಡಾಕ್ಟರ್) ಮತ್ತು ಫಿಸಿಯೋ ಪತ್ರಗಳ ಜೊತೆ ಕಳಿಸಿ. ಪ್ರತಿಯೊಂದರ ಫೋಟೋ ತೆಗೆದಿಟ್ಟುಕೊಳ್ಳಿ, ಫೋನ್ ಮಾಡಿದ ದಿನಾಂಕವನ್ನೂ ಬರೆದಿಡಿ.

ಯಜಮಾನರು ಸಂಬಳದ ಮೇಲೆ ಕಣ್ಣಿಡಲಿ. 2025ರ ಏಪ್ರಿಲ್‌ನಿಂದ ಕೇರರ್ಸ್ ಅಲೋಯನ್ಸ್ ವಾರಕ್ಕೆ 83.30 ಪೌಂಡ್, ಸಂಪಾದನೆಯ ಮಿತಿ 196 ಪೌಂಡ್ ಇತ್ತು. ಪ್ರತಿ ಏಪ್ರಿಲ್‌ನಲ್ಲಿ ಹೊಸ ದರ ನೋಡಿಕೊಳ್ಳಿ. ತೆರಿಗೆ ಕಳೆದ ಮೇಲೆ ಒಂದು ಪೌಂಡ್ ಜಾಸ್ತಿಯಾದರೂ ಆ ವಾರದ ಪೂರ್ತಿ ಹಣ ಹೋಗುತ್ತದೆ. ವಾರಕ್ಕೆ ಕನಿಷ್ಠ 35 ಗಂಟೆ ನೋಡಿಕೊಳ್ಳಬೇಕು ಎಂಬುದೂ ಇದೆ.

ಮರುಪರಿಶೀಲನೆಯಲ್ಲೂ ಇಲ್ಲ ಅಂದರೆ ಕುಗ್ಗಬೇಡಿ. ಆ ಪತ್ರದ ದಿನಾಂಕದಿಂದ ಒಂದು ತಿಂಗಳೊಳಗೆ ಟ್ರಿಬ್ಯುನಲ್‌ಗೆ (ನ್ಯಾಯಮಂಡಳಿಗೆ) ಮೇಲ್ಮನವಿ ಹಾಕಬಹುದು. ಶುಲ್ಕ ಇಲ್ಲ. ಟ್ರಿಬ್ಯುನಲ್ ಕೇಳಿದ ಮೇಲೆ ಇಲಾಖೆ 28 ದಿನದೊಳಗೆ ಉತ್ತರ ಕೊಡಬೇಕು. ವಿಚಾರಣೆಯ ದಿನ ಸಿಗಲು ಮಾತ್ರ ತಿಂಗಳುಗಳೇ ಬೇಕು, ಮನಸ್ಸನ್ನು ಅದಕ್ಕೆ ಸಿದ್ಧಮಾಡಿಕೊಳ್ಳಿ. ಬರೀ ಕಾಗದ ನೋಡಿ ತೀರ್ಮಾನಿಸಿ ಎನ್ನಬೇಡಿ, ಹಿಯರಿಂಗ್ ಬೇಕು ಎಂದೇ ಕೇಳಿ. ಜಡ್ಜ್ ಜೊತೆ ಡಾಕ್ಟರೂ ಕೂರುತ್ತಾರೆ. ಅತ್ತೆಗೆ ಇಂಗ್ಲಿಷ್ ಕಷ್ಟವಾದರೆ ಕನ್ನಡ ದುಭಾಷಿ ಬೇಕು ಎಂದು ಫಾರಂನಲ್ಲೇ ಬರೆಯಿರಿ. ಅದಕ್ಕೂ ದುಡ್ಡಿಲ್ಲ.

ಈಗ ಆಗಿರುವ ಮೂರು ತಿಂಗಳ ಮೌನಕ್ಕೆ ಯಜಮಾನರು ಮೊದಲು ಫೋನ್ ಮಾಡಿ ಅರ್ಜಿ ತಲುಪಿದೆಯೇ ಎಂದು ಖಚಿತಪಡಿಸಿಕೊಳ್ಳಲಿ. ಆಮೇಲೆ ಲಿಖಿತ ದೂರು ಕೊಡಲಿ. ಅದಕ್ಕೂ ಕದಲದಿದ್ದರೆ ನಿಮ್ಮ ಕ್ಷೇತ್ರದ ಎಂಪಿ ಕಚೇರಿಗೆ ಬರೆಯಲಿ. ಇದು ಶಿಫಾರಸು ಅಲ್ಲ, ಇಲ್ಲಿ ಇಂಥ ಕೆಲಸ ಅವರ ದಿನನಿತ್ಯದ್ದೇ. ಸಿಟಿಜನ್ಸ್ ಅಡ್ವೈಸ್ ಎಂಬ ಸಲಹಾ ಸಂಸ್ಥೆಯವರು ಕಾಗದ ಬರೆಯಲು ಉಚಿತವಾಗಿ ಸಹಾಯ ಮಾಡುತ್ತಾರೆ. ಅರ್ಜಿ ಅತ್ತೆಯ ಹೆಸರಲ್ಲಿ ಇರುವುದರಿಂದ, "ಮಗ ನನ್ನ ಪರವಾಗಿ ಮಾತಾಡಬಹುದು" ಎಂದು ಅತ್ತೆ ಸಹಿ ಮಾಡಿದ ಒಂದು ಕಾಗದ ಎಂಪಿ ಕಚೇರಿಗೂ ಸಿಟಿಜನ್ಸ್ ಅಡ್ವೈಸ್‌ಗೂ ಬೇಕಾಗುತ್ತದೆ. ಈ ವಾರವೇ ಅದನ್ನು ಮಾಡಿಸಿಡಿ.