ಕೂಸು ಹಾಲು ಕುಡಿಯುತ್ತಿದೆ, ಮುಟ್ಟು ಬಂದಿಲ್ಲ: ಬಸಿರಿರಬಹುದಾ?

ಕಲಬುರಗಿಯಲ್ಲಿ ಹೆರಿಗೆ ವೈದ್ಯೆಯಾಗಿರುವ ನನಗೆ ಈ ಪ್ರಶ್ನೆ ವಾರವಾರವೂ ಬರುತ್ತದೆ. ಎಷ್ಟೋ ಜನ ತೋರಿಸಲು ಬರುವ ಹೊತ್ತಿಗೆ ನಾಲ್ಕು ತಿಂಗಳು ತುಂಬಿರುತ್ತದೆ. ಸಿಟ್ಟು ಬರುವುದು ಅದಕ್ಕೇ. ಈ ಸಲ ಜಾಸ್ತಿ ಜಾಗ ಇದಕ್ಕೇ ಇರಲಿ.

ಪ್ರಶ್ನೆ (ಜೇವರ್ಗಿ ತಾಲೂಕು): ಮಗಳಿಗೆ 9 ತಿಂಗಳು. ಎದೆಹಾಲಿನ ಜೊತೆಗೆ ಬೇಳೆ ಕಟ್ಟಿನಲ್ಲಿ ನೆನೆಸಿದ ರೊಟ್ಟಿ ತಿನ್ನುತ್ತಾಳೆ. ಹೆರಿಗೆ ಆದಮೇಲೆ ನನಗೆ ಮುಟ್ಟು ಬಂದೇ ಇಲ್ಲ. ಎರಡು ವಾರದಿಂದ ಮೊಲೆತೊಟ್ಟು ಮುಟ್ಟಿದರೆ ನೋವು. ಕೂಸು ಎರಡು ಗುಟುಕು ಕುಡಿದು, ಬಿಟ್ಟು ಅಳುತ್ತದೆ. ನನಗೆ ವಾಕರಿಕೆ. ಹಾಲು ಕುಡಿಸುವಾಗ ಬಸಿರಾಗಲ್ಲ ಅಂತಾರೆ ಅತ್ತೆ. ಊರಲ್ಲಿ ಒಬ್ಬರು ಪಿತ್ತ ಅಂತ ಹೇಳಿ ಸೂಜಿ ಮಾಡಿದರು.

ತಂಗಿ, ನಾಳೆ ಬೆಳಿಗ್ಗೆಯೇ ಮೂತ್ರ ಪರೀಕ್ಷೆ ಮಾಡಿಕೋ. ಎದೆಹಾಲು ಬಸಿರನ್ನು ತಡೆಯುವುದು ಮೂರೂ ಕೂಡಿದಾಗ ಮಾತ್ರ: ಕೂಸಿಗೆ 6 ತಿಂಗಳು ತುಂಬಿರಬಾರದು, ಹಗಲೂ ರಾತ್ರಿ ಬರೀ ಎದೆಹಾಲೇ ಕುಡಿಯುತ್ತಿರಬೇಕು, ತಾಯಿಗೆ ಮುಟ್ಟು ಶುರುವಾಗಿರಬಾರದು. ಆಗಲೂ ನೂರರಲ್ಲಿ ಒಬ್ಬಿಬ್ಬರಿಗೆ ಬಸಿರಾಗಬಹುದು. ನಿನ್ನ ಮಗಳು ರೊಟ್ಟಿ ತಿನ್ನುತ್ತಿದ್ದಾಳೆ. ಅತ್ತೆಯವರ ಮಾತು ನಿನಗೆ ಈಗ ಹೊಂದುವುದಿಲ್ಲ.

ಮುಟ್ಟೇ ಬಂದಿಲ್ವಲ್ಲ ಅಂತೀಯಾ? ಅಂಡ ಮೊದಲು ಬಿಡುಗಡೆ ಆಗುತ್ತದೆ, ಸುಮಾರು ಎರಡು ವಾರ ಕಳೆದು ಮುಟ್ಟು. ಆ ಮೊದಲ ಅಂಡದಲ್ಲೇ ಗರ್ಭ ಕಟ್ಟಿದರೆ ಮುಟ್ಟು ಕಾಣುವುದೇ ಇಲ್ಲ.

ತೊಟ್ಟಿನ ನೋವು ಬಸಿರಿನದ್ದಿರಬಹುದು. ಬಸಿರಾದರೆ ಹಾಲು ಕಡಿಮೆಯಾಗುತ್ತದೆ, ರುಚಿಯೂ ಬದಲಾಗುತ್ತದೆ, ಕೂಸು ಮುಖ ತಿರುಗಿಸುತ್ತದೆ. ಆದರೆ ಹಲ್ಲು ಬರುವಾಗಲೂ, ಬಾಯಿ ಹುಣ್ಣಾದಾಗಲೂ ಹೀಗೇ ಮಾಡುತ್ತದೆ. ಲಕ್ಷಣ ಎಣಿಸುತ್ತಾ ಕೂರಬೇಡ.

ಆಶಾ ಕಾರ್ಯಕರ್ತೆ ಹತ್ತಿರ ಮೂತ್ರದಲ್ಲಿ ಬಸಿರು ನೋಡುವ ನಿಶ್ಚಯ್ ಕಿಟ್ ಪುಕ್ಕಟೆ ಸಿಗುತ್ತದೆ. ಹಾಲು ಕುಡಿಸುವುದರಿಂದ ಅದು ತಪ್ಪು ತೋರಿಸುವುದಿಲ್ಲ. ಬೆಳಗಿನ ಮೊದಲ ಮೂತ್ರ ಬಳಸು. ಎರಡನೇ ಗೆರೆ ಮಸುಕಾಗಿದ್ದರೂ ಬಸಿರು ಅಂತಲೇ ತಿಳಿದು ಆಸ್ಪತ್ರೆಗೆ ಬಾ. ಒಂದೇ ಗೆರೆ ಬಂದರೆ ವಾರ ಬಿಟ್ಟು ಮತ್ತೆ ನೋಡು. ಗಂಡನ ಜೊತೆ ಕೂಡಿ ಮೂರು ವಾರ ಆಗುವ ಮೊದಲೇ ಒಂದು ಗೆರೆ ಕಂಡರೆ ಅದನ್ನು ನಂಬಬೇಡ. ಬಸಿರಿದ್ದರೆ ಬೇಗ ಸ್ಕ್ಯಾನ್ ಮಾಡಿಸು. ಮುಟ್ಟಿನ ತಾರೀಖೇ ಇಲ್ಲದಾಗ ಎಷ್ಟು ವಾರ ಅಂತ ಹೇಳುವುದು ಸ್ಕ್ಯಾನೇ. ರಕ್ತವನ್ನೂ ಪರೀಕ್ಷೆ ಮಾಡಿಸು, ಎರಡು ಹೆರಿಗೆ ನಡುವೆ ಅಂತರ ಕಡಿಮೆ ಇದ್ದರೆ ರಕ್ತಹೀನತೆ ಜಾಸ್ತಿ. ಮತ್ತೆ, ಪರೀಕ್ಷೆ ಮಾಡದೆ ಸೂಜಿ ಚುಚ್ಚಿದವರ ಬಾಗಿಲಿಗೆ ಇನ್ನು ಹೋಗಬೇಡ. ಏನು ಚುಚ್ಚಿದರು ಅಂತ ಅವರು ಚೀಟಿಯಲ್ಲೂ ಬರೆಯುವುದಿಲ್ಲ!

ಬಸಿರಾಗಿರದವರು ಬಸಿರು ತಡೆಯುವ ಛಾಯಾ ಗುಳಿಗೆ, ಅಂತರಾ ಸೂಜಿ, ವಂಕಿ (ಕಾಪರ್-ಟಿ) ಬಗ್ಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕೇಳಿ. ಹಾಲು ಕುಡಿಸುವವರಿಗೂ ಕೊಡುತ್ತಾರೆ.

ಪ್ರಶ್ನೆ (ಸೇಡಂ): ಬಸುರಿಯ ಎದೆಹಾಲು ಕೂಸಿಗೆ ವಿಷವಾಗುತ್ತಾ?

ಇಲ್ಲ. ಕುಡಿಸಿ. ಹಿಂದೆ ದಿನ ತುಂಬದೆ ಹೆರಿಗೆ ಆಗಿದ್ದರೆ, ಇಲ್ಲವೇ ಈಗ ರಕ್ತ ಕಂಡರೆ ಮಾತ್ರ ಡಾಕ್ಟರನ್ನು ಕೇಳಿ.

ಪ್ರಶ್ನೆ (ಚಿಂಚೋಳಿ): ಮೂತ್ರಕ್ಕೆ ಸಕ್ಕರೆ ಹಾಕಿದರೆ ಗೊತ್ತಾಗುತ್ತಾ?

ಗೊತ್ತಾಗುವುದಿಲ್ಲ. ಉಪ್ಪು ಹಾಕಿದರೂ ಇಲ್ಲ, ನಾಡಿ ಹಿಡಿದರೂ ಇಲ್ಲ.

ಪ್ರಶ್ನೆ (ಆಳಂದ): ಹೆಂಡತಿಗೆ ಮೆಡಿಕಲ್‌ನಿಂದ ಗರ್ಭ ತೆಗೆಯುವ ಗುಳಿಗೆ ತಂದುಕೊಡಲಾ?

ಬೇಡ. ಎಷ್ಟು ವಾರ ಅಂತಲೇ ನಿಮಗೆ ಗೊತ್ತಿಲ್ಲ. ಗರ್ಭ ನಳಿಕೆಯಲ್ಲಿ ಕಟ್ಟಿದ್ದರೆ ಆ ಗುಳಿಗೆಯಿಂದ ಹೋಗುವುದಿಲ್ಲ, ನಳಿಕೆ ಒಡೆದು ಜೀವಕ್ಕೇ ಕುತ್ತು. ಬೇಡವಾದ ಬಸಿರನ್ನು ಕಾನೂನು ಪ್ರಕಾರವೇ ಆಸ್ಪತ್ರೆಯಲ್ಲಿ ತೆಗೆಸಬಹುದು, ಆದರೆ ಅವಳ ಒಪ್ಪಿಗೆ ಬೇಕು. ಈಗಾಗಲೇ ನುಂಗಿಸಿದ್ದೀರಾ? ತಾಸಿಗೆ ಎರಡು ಪ್ಯಾಡ್ ತೊಯ್ಯುತ್ತಿದ್ದರೆ, ತಲೆಸುತ್ತು ಬಂದರೆ, ಹೊಟ್ಟೆಯ ಒಂದು ಕಡೆ ತಡೆಯಲಾರದ ನೋವಿದ್ದರೆ ಬೆಳಗಾಗುವವರೆಗೆ ಕಾಯದೆ 108ಕ್ಕೆ ಫೋನ್ ಮಾಡಿ.